ನಟ ಚಾರ್ಲ್ಸ್ ಲಾಟನ್: ಬದುಕು ಮತ್ತು ಅಭಿನಯ

ಆಂಗ್ಲ ರಂಗಭೂಮಿ ಮತ್ತು ಚಲನಚಿತ್ರಗಳ ಚರ್ಚೆಯಲ್ಲಿ ಮತ್ತೆ ಮತ್ತೆ ಬರುವ ‘ಕ್ಯಾರೆಕ್ಟರ್ ಆಕ್ಟರ್’ ಎಂಬ ಮಾತಿಗೆ ಕನ್ನಡದಲ್ಲಿ ಸಮರ್ಪಕವಾದ ಪರ್ಯಾಯವಿಲ್ಲ. ನಾವು ‘ಪೋಷಕ ನಟ’ ಎನ್ನುತ್ತೇವೆ. ಆದರೆ ಪೋಷಕ ಎಂದೊಡನೆ ಮತ್ತೊಬ್ಬನಿಗೆ ಆಸರೆಯಾಗಿ ನಿಂತವನು, ನಾಯಕನಿಂದ ಬೆಳಕು ಪಡೆಯುವವನು ಎಂಬ ಅರ್ಥ ತಾನಾಗಿ ಬಂದುಬಿಡುತ್ತದೆ. ಹಿಂದಿ, ಮರಾಠಿಗಳ ‘ಚರಿತ್ರ ಅಭಿನೇತಾ’ ಮುಂಬಯಿ, ಪುಣೆಗಳ ಕನ್ನಡಿಗರಿಗೂ ತಮಿಳಿನ ‘ಗುಣಚಿತ್ರ ನಡಿಗರ್’ ಚೆನ್ನೈಯ ಕನ್ನಡಿಗರಿಗೂ ಕಿವಿಗೆ ಬಿದ್ದಿರುವ ಮಾತುಗಳೇ. ಇವೆರಡೂ ಮೂಲಕ್ಕೆ ತುಸು ಹತ್ತಿರವಾಗಿವೆ. ತನ್ನ ಚೆಲುವಿನಿಂದಲ್ಲದೆ ಪಾತ್ರದ ಸ್ವಭಾವವನ್ನು ಮೈಗೂಡಿಸಿಕೊಳ್ಳುವುದರಿಂದ ಪ್ರೇಕ್ಷಕನನ್ನು ಹಿಡಿದಿಡುವ ನಟ ಎಂಬುದು ಅದರ ತಾತ್ಪರ್ಯ. ಇಂಥ ನಟನಿಗೆ ಸಾಮಾನ್ಯವಾಗಿ ಕಥೆಯ ಅಂಚಿನಲ್ಲಿ ಜಾಗ. ಅಂಚಿನಿಂದ ನಡುವಿಗೆ ಬಂದು ನಿಂತು, ಅಲ್ಲಿಯೂ ನಾಯಕನಾಗದೆ ಪಾತ್ರವಾಗಿಯೇ ಉಳಿದವರು ವಿರಳ. ಆ ವಿರಳರಲ್ಲಿ ಚಾರ್ಲ್ಸ್ ಲಾಟನ್ ಮೊದಲ ಸಾಲಿನವನು.

ಲಾಟನ್ 1899ರ ಜುಲೈ 1ರಂದು ಇಂಗ್ಲೆಂಡಿನ ಯಾರ್ಕ್‌ಷೈರಿಗೆ ಸೇರಿದ ಸ್ಕಾರ್‌ಬರೋ ಎಂಬ ಕಡಲತಡಿಯ ಊರಿನಲ್ಲಿ ಹುಟ್ಟಿದ. ತಂದೆತಾಯಿಗಳದು ಹೋಟೆಲಿನ ಉದ್ಯಮ. ರೈಲು ನಿಲ್ದಾಣದ ಎದುರಿಗಿದ್ದ ವಿಕ್ಟೋರಿಯಾ ಹೋಟೆಲೇ ಅವನ ಜನ್ಮಸ್ಥಳ. ಮೂವರು ಗಂಡುಮಕ್ಕಳಲ್ಲಿ ಹಿರಿಯನಾದ ಅವನು ಮುಂದೆ ಗಲ್ಲಾಪೆಟ್ಟಿಗೆಯ ಹಿಂದೆ ಕೂರಬೇಕೆಂಬುದು ಮನೆಯವರಿಗೆ ನಿಶ್ಚಿತವಾಗಿತ್ತು. ಬೇಸಿಗೆಯಲ್ಲಿ ಕಡಲಗಾಳಿಗೆಂದು ಬಂದಿಳಿಯುವ ಸಿರಿವಂತರು, ಅವರ ಮುಂದೆ ಬಾಗುವ ಮಾಣಿಗಳು, ಬಾಗಿದ ಬೆನ್ನು ನೆಟ್ಟಗಾದೊಡನೆ ಬದಲಾಗುವ ಮುಖಗಳು ಇವೆಲ್ಲ ಹೋಟೆಲಿನ ಹುಡುಗನ ಕಣ್ಣಿಗೆ ದಿನವೂ ಬೀಳುವಂಥವು. ನಟನಾಗುವವನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇರೊಂದು ಇರಲಾರದು. ತಾಯಿ ಕಟ್ಟುನಿಟ್ಟಿನ ಕ್ಯಾಥೊಲಿಕ್ ಮತಸ್ಥೆ. ಆಕೆಯ ಇಚ್ಛೆಯಂತೆ ಹುಡುಗ ಸ್ಟೋನಿಹರ್ಸ್ಟ್‌ನ ಜೆಸ್ಯೂಯಿಟ್ ಶಾಲೆಯಲ್ಲಿ ಕಲಿತ. ಆ ಮತದ ಆಚರಣೆಯನ್ನು ಅವನು ಬೇಗನೆ ತೊರೆದನಾದರೂ ಅಲ್ಲಿ ಬೇರೂರಿದ ಪಾಪಪ್ರಜ್ಞೆ ಅವನನ್ನು ಎಂದೂ ತೊರೆಯಲಿಲ್ಲವೆಂದೇ ಅವನನ್ನು ಬಲ್ಲವರು ಬರೆದಿದ್ದಾರೆ.

ಲಂಡನ್ನಿನ ಪ್ರಸಿದ್ಧ ಕ್ಲಾರಿಜಸ್ ಹೋಟೆಲಿನಲ್ಲಿ ಕೆಲಸ ಕಲಿಯಲು ಅವನನ್ನು ಕಳಿಸಲಾಯಿತು. ಅಷ್ಟರಲ್ಲಿ ಮೊದಲ ಮಹಾಯುದ್ಧ. ಸಾಮಾನ್ಯ ಸೈನಿಕನಾಗಿ ಸೇರಿದ ಲಾಟನ್ ಯುದ್ಧದ ಕೊನೆಯ ದಿನಗಳಲ್ಲಿ ವಿಷಾನಿಲಕ್ಕೆ ತುತ್ತಾಗಿ ಮರಳಿದ. ಊರಿಗೆ ಬಂದು ಹೋಟೆಲನ್ನು ನೋಡಿಕೊಳ್ಳುತ್ತ, ಸಂಜೆ ಹವ್ಯಾಸಿ ನಾಟಕಗಳಲ್ಲಿ ಪಾತ್ರ ಮಾಡುತ್ತ ಕೆಲವು ವರ್ಷ ಕಳೆದ. ಕೊನೆಗೆ 1925ರಲ್ಲಿ ಮನೆಯವರನ್ನು ಒಪ್ಪಿಸಿ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮ್ಯಾಟಿಕ್ ಆರ್ಟ್ ಸೇರಿದಾಗ ಅವನಿಗೆ ಇಪ್ಪತ್ತಾರರ ಸಮೀಪ. ಸಹಪಾಠಿಗಳಿಗಿಂತ ವಯಸ್ಸಿನಲ್ಲಿ ದೊಡ್ಡವನು, ಸ್ಥೂಲಕಾಯ, ಜೋಲು ತುಟಿ, ಉಚ್ಚಾರಣೆಯಲ್ಲಿ ಉತ್ತರ ಇಂಗ್ಲೆಂಡಿನ ಒರಟು. ಆದರೂ ಮರುವರ್ಷ ಆ ಸಂಸ್ಥೆಯ ಚಿನ್ನದ ಪದಕ ಅವನದಾಯಿತು. ಅಲ್ಲಿ ಅವನನ್ನು ಗುರುತಿಸಿದವನು ರಷ್ಯಾದಿಂದ ಬಂದು ನೆಲೆಸಿದ್ದ ನಿರ್ದೇಶಕ ಥಿಯೊಡೋರ್ ಕೊಮಿಸಾರ್ಜೆವ್‌ಸ್ಕಿ. ಗೊಗೊಲ್‌ನ ‘ಗವರ್ನಮೆಂಟ್ ಇನ್ಸ್‌ಪೆಕ್ಟರ್’ ನಾಟಕದ ಆಳು ಒಸಿಪ್‌ನಾಗಿ 1926ರ ಏಪ್ರಿಲಿನಲ್ಲಿ ಬಾರ್ನ್ಸ್ ರಂಗಮಂದಿರದಲ್ಲಿ ಲಾಟನ್ ವೃತ್ತಿರಂಗಭೂಮಿಗೆ ಕಾಲಿಟ್ಟ. ಮೊದಲ ಪಾತ್ರವೇ ಒಬ್ಬ ಆಳಿನದು ಎಂಬುದನ್ನು ಗಮನಿಸಬೇಕು.

ಮುಂದಿನ ಐದು ವರ್ಷಗಳ ಏರಿಕೆ ಬಲು ವೇಗದ್ದು. 1928ರ ‘ಅಲಿಬೈ’ ನಾಟಕದಲ್ಲಿ ಅಗಾಥಾ ಕ್ರಿಸ್ಟಿಯ ಪತ್ತೇದಾರ ಪ್ವಾರೋ ಆಗಿ ಅಭಿನಯಿಸಿ, ಆ ಪಾತ್ರಕ್ಕೆ ರಂಗದ ಮೇಲೆ ಮೊದಲು ಜೀವ ಕೊಟ್ಟವನೆನಿಸಿದ. 1927ರಲ್ಲಿ ನಾಟಕವೊಂದರ ತಾಲೀಮಿನಲ್ಲಿ ಪರಿಚಯವಾದ ನಟಿ ಎಲ್ಸಾ ಲ್ಯಾಂಚೆಸ್ಟರಳನ್ನು 1929ರಲ್ಲಿ ಮದುವೆಯಾದ. ‘ಪೇಮೆಂಟ್ ಡಿಫರ್ಡ್’ ನಾಟಕದ ಕೊಲೆಗಾರ ಗುಮಾಸ್ತನ ಪಾತ್ರ 1931ರಲ್ಲಿ ಅವನನ್ನು ನ್ಯೂಯಾರ್ಕಿಗೆ ಕರೆದೊಯ್ದಿತು, ಅಲ್ಲಿಂದ ಹಾಲಿವುಡ್. 1932ರ ಒಂದೇ ವರ್ಷದಲ್ಲಿ ನೀರೋ ಚಕ್ರವರ್ತಿ, ದ್ವೀಪವೊಂದರಲ್ಲಿ ಪಶುಗಳನ್ನು ಮನುಷ್ಯರನ್ನಾಗಿಸಲು ಹೊರಟ ಕ್ರೂರ ವಿಜ್ಞಾನಿ, ಅಸೂಯಾಪರ ನೌಕಾಧಿಕಾರಿ ಮೊದಲಾದ ಪಾತ್ರಗಳು ಸಾಲುಗಟ್ಟಿ ಬಂದವು. ಇವೆಲ್ಲಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ‘ಇಫ್ ಐ ಹ್ಯಾಡ್ ಎ ಮಿಲಿಯನ್’ ಚಿತ್ರದ ಕೆಲವೇ ನಿಮಿಷಗಳ ತುಣುಕು. ಹತ್ತು ಲಕ್ಷ ಡಾಲರು ಕೈಸೇರಿದ ಸುದ್ದಿ ತಿಳಿದ ಗುಮಾಸ್ತನೊಬ್ಬ ಮೇಜಿನಿಂದ ಮೆಲ್ಲನೆ ಎದ್ದು, ಮೆಟ್ಟಿಲು ಹತ್ತಿ, ಬಾಗಿಲ ನಂತರ ಬಾಗಿಲು ದಾಟಿ, ಕಡೆಗೆ ಯಜಮಾನನ ಕೋಣೆಗೆ ಹೋಗಿ ಬಾಯಿಂದ ಒಂದು ಅಪಹಾಸ್ಯದ ಸದ್ದು ಮಾಡಿ ಹಿಂದಿರುಗುತ್ತಾನೆ. ಸಂಭಾಷಣೆ ಇಲ್ಲವೆನ್ನುವಷ್ಟು ಕಡಿಮೆ. ಇದೀ ಒಂದು ಜೀವಮಾನದ ಅಧೀನತೆ ಆ ನಡಿಗೆಯಲ್ಲಿದೆ.

1933ರಲ್ಲಿ ಅಲೆಕ್ಸಾಂಡರ್ ಕೋರ್ಡಾ ಇಂಗ್ಲೆಂಡಿನಲ್ಲಿ ತಯಾರಿಸಿದ ‘ದ ಪ್ರೈವೇಟ್ ಲೈಫ್ ಆಫ್ ಹೆನ್ರಿ ದಿ ಎಯ್ತ್’ ಲಾಟನ್‌ಗೆ ಜಗತ್ಪ್ರಸಿದ್ಧಿಯನ್ನು ತಂದಿತು. ಚಿತ್ರಕಾರ ಹೋಲ್‌ಬೈನ್ ಬಿಡಿಸಿದ ದೊರೆಯ ಭಾವಚಿತ್ರದ ನಿಲುವನ್ನು, ಅಗಲಿಸಿದ ಕಾಲು, ಸೊಂಟದ ಮೇಲಿನ ಕೈಗಳನ್ನು ಅವನು ಹಾಗೆಯೇ ಮೈಗೆ ತಂದುಕೊಂಡ. ಊಟದ ಮೇಜಿನಲ್ಲಿ ಹುರಿದ ಕೋಳಿಯನ್ನು ಕೈಯಿಂದ ಹರಿದು ತಿನ್ನುತ್ತ ಮೂಳೆಗಳನ್ನು ಹೆಗಲ ಹಿಂದಕ್ಕೆ ಎಸೆಯುವ ದೃಶ್ಯ ಎಷ್ಟು ಜನಪ್ರಿಯವಾಯಿತೆಂದರೆ, ಎಂಟನೆಯ ಹೆನ್ರಿ ಎಂದೊಡನೆ ಇಂದಿಗೂ ಜನರ ಮನಸ್ಸಿಗೆ ಬರುವುದು ಇತಿಹಾಸದ ದೊರೆಯಲ್ಲ, ಲಾಟನ್. ಶ್ರೇಷ್ಠ ನಟನ ಆಸ್ಕರ್ ಪ್ರಶಸ್ತಿ ಬ್ರಿಟಿಷ್ ಚಿತ್ರವೊಂದಕ್ಕೆ ಬಂದದ್ದು ಇದೇ ಮೊದಲು.

ಈ ಯಶಸ್ಸಿನ ನಡುವೆಯೇ ಅವನು ಮಾಡಿದ ಒಂದು ನಿರ್ಧಾರ ಅವನ ಸ್ವಭಾವವನ್ನು ತಿಳಿಸುತ್ತದೆ. ಸಿನಿಮಾದ ಹಣವನ್ನು ಬದಿಗಿಟ್ಟು, 1933-34ರ ಋತುವಿಗೆ ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರವನ್ನು ಸೇರಿದ. ಲಿಲಿಯನ್ ಬೇಲಿಸ್‌ಳ ಆಡಳಿತದ ಆ ಸಂಸ್ಥೆ ಕಡಿಮೆ ದರದಲ್ಲಿ ಶೇಕ್ಸ್‌ಪಿಯರನನ್ನು ಜನಸಾಮಾನ್ಯರಿಗೆ ತೋರಿಸುತ್ತಿತ್ತು. ಟೈರನ್ ಗತ್ರಿಯ ನಿರ್ದೇಶನದಲ್ಲಿ ಚೆಕಾಫ್‌ನ ಲೊಪಾಖಿನ್, ‘ಮೆಷರ್ ಫಾರ್ ಮೆಷರ್’ನ ಆಂಜೆಲೊ, ‘ಟೆಂಪೆಸ್ಟ್’ನ ಪ್ರಾಸ್ಪೆರೊ, ಮ್ಯಾಕ್‌ಬೆತ್ ಮುಂತಾದ ಪಾತ್ರಗಳನ್ನು ನಿರ್ವಹಿಸಿದ. ಹೊರಗೆ ಕಟ್ಟುನಿಟ್ಟು, ಒಳಗೆ ಕಾಮದ ಬೇಗೆಯಿರುವ ಆಂಜೆಲೊ ಅವನಿಗೆ ಒಲಿದ, ಮ್ಯಾಕ್‌ಬೆತ್ ಸೋತ. ಛಂದೋಬದ್ಧವಾದ ಮಾತನ್ನು ಏರುದನಿಯಲ್ಲಿ ದೀರ್ಘವಾಗಿ ಒಯ್ಯುವ ಶಕ್ತಿ ಅವನಿಗೆ ಕಡಿಮೆಯಿತ್ತು. ಅವನ ದನಿಯ ಬಲ ಪಿಸುಮಾತಿನಲ್ಲಿ, ತಡೆತಡೆದು ಬರುವ ನುಡಿಯಲ್ಲಿ. ಭರತನ ಪರಿಭಾಷೆಯಲ್ಲಿ ಹೇಳುವುದಾದರೆ ಆಂಗಿಕ ಸಾತ್ತ್ವಿಕಗಳಲ್ಲಿ ಅವನು ಸಮರ್ಥ. ವಾಚಿಕವನ್ನು ಮಾತ್ರ ಬದುಕಿನುದ್ದಕ್ಕೂ ದುಡಿದು ಸಂಪಾದಿಸಬೇಕಾಯಿತು.

1935ನೆಯ ವರ್ಷ ಮೂರು ಪಾತ್ರಗಳಿಂದ ಸ್ಮರಣೀಯ. ‘ಲೆ ಮಿಸರಾಬ್ಲ್’ ಚಿತ್ರದ ಪೊಲೀಸ್ ಅಧಿಕಾರಿ ಜಾವೇರ್, ‘ರಗಲ್ಸ್ ಆಫ್ ರೆಡ್ ಗ್ಯಾಪ್’ನ ಬಟ್ಲರ್ ರಗಲ್ಸ್, ‘ಮ್ಯೂಟಿನಿ ಆನ್ ದ ಬೌಂಟಿ’ಯ ಕ್ಯಾಪ್ಟನ್ ಬ್ಲೈ. ಬ್ಲೈ ಪಾತ್ರಕ್ಕಾಗಿ ಲಂಡನ್ನಿನ ಹಳೆಯ ದರ್ಜಿ ಅಂಗಡಿಗೆ ಹೋಗಿ, ಹದಿನೆಂಟನೆಯ ಶತಮಾನದ ಆ ಕ್ಯಾಪ್ಟನ್ನನ ಉಡುಪಿನ ಅಳತೆಯನ್ನು ಅವರ ದಫ್ತರದಿಂದಲೇ ಪಡೆದನೆಂದು ಹೇಳುತ್ತಾರೆ. ಹಡಗಿನ ಮೇಲೆ ಚಾಟಿಯೇಟು ಹೊಡೆಸುವ ಈ ಕ್ರೂರಿ, ದಂಗೆಯೆದ್ದವರು ತೆರೆದ ದೋಣಿಯಲ್ಲಿ ತೇಲಿಬಿಟ್ಟಾಗ ಸಾವಿರಾರು ಮೈಲಿ ಕಡಲನ್ನು ದಾಟಿಸಿ ತನ್ನವರನ್ನು ಬದುಕಿಸುತ್ತಾನೆ. ಖಳನ ಶೌರ್ಯವನ್ನು ಅವನ ಕ್ರೌರ್ಯದಷ್ಟೇ ನಿಜವಾಗಿ ತೋರಿಸಿದ್ದು ಲಾಟನ್‌ನ ಹೆಚ್ಚುಗಾರಿಕೆ. ರಗಲ್ಸ್ ಇದಕ್ಕೆ ತೀರ ವಿರುದ್ಧ. ಇಂಗ್ಲಿಷ್ ಶ್ರೀಮಂತನೊಬ್ಬ ಇಸ್ಪೀಟಿನಲ್ಲಿ ತನ್ನ ಬಟ್ಲರನ್ನು ಒಬ್ಬ ಅಮೆರಿಕನ್ನನಿಗೆ ಸೋಲುತ್ತಾನೆ. ಅಮೆರಿಕದ ಪಶ್ಚಿಮದ ಸಣ್ಣ ಊರಿನ ಹೆಂಡದಂಗಡಿಯಲ್ಲಿ, ಲಿಂಕನ್ ಗೆಟ್ಟಿಸ್‌ಬರ್ಗಿನಲ್ಲಿ ಮಾಡಿದ ಭಾಷಣ ಅಲ್ಲಿನ ಯಾರಿಗೂ ನೆನಪಿಲ್ಲದಿರುವಾಗ, ಈ ಪರದೇಶದ ಆಳು ತಗ್ಗಿದ ದನಿಯಲ್ಲಿ ಅದನ್ನು ಮೊದಲಿಂದ ಕೊನೆಯವರೆಗೆ ಒಪ್ಪಿಸುತ್ತಾನೆ. ಒಬ್ಬೊಬ್ಬರಾಗಿ ಸುತ್ತ ನೆರೆಯುವ ಜನರ ಮುಖಗಳಲ್ಲಿ ನಾಚಿಕೆ ಹೆಮ್ಮೆಗಳು ಬೆರೆತು ಕಾಣುತ್ತವೆ. ಸಮಾನತೆಯ ಮಾತು ಸೇವಕನ ಬಾಯಿಂದ ಬಂದಾಗ ಅದರ ತೂಕವೇ ಬೇರೆ. ಸ್ಕಾರ್‌ಬರೋದ ಹೋಟೆಲಿನ ಹುಡುಗ ಅಲ್ಲಿ ಇದ್ದಾನೆಂದೇ ನನ್ನ ಭಾವನೆ. ಆ ವರ್ಷದ ನ್ಯೂಯಾರ್ಕ್ ಚಿತ್ರವಿಮರ್ಶಕರ ಪ್ರಶಸ್ತಿ ರಗಲ್ಸ್ ಮತ್ತು ಬ್ಲೈ ಪಾತ್ರಗಳೆರಡಕ್ಕೂ ಸೇರಿ ದೊರೆಯಿತು.

1936ರಲ್ಲಿ ಪ್ಯಾರಿಸಿನ ಕಾಮೆದಿ ಫ್ರಾಂಸೇಸ್ ರಂಗದ ಮೇಲೆ ಮೊಲಿಯೇರನ ನಾಟಕದ ಒಂದು ಅಂಕವನ್ನು ಫ್ರೆಂಚಿನಲ್ಲಿಯೇ ಅಭಿನಯಿಸಿ, ಅಲ್ಲಿಗೆ ಆಹ್ವಾನಿತನಾದ ಮೊದಲ ಆಂಗ್ಲ ನಟನೆನಿಸಿದ. ಅದೇ ವರ್ಷದ ‘ರೆಂಬ್ರಾಂಟ್’ ಚಿತ್ರದಲ್ಲಿ ಅಬ್ಬರವಿಲ್ಲದ, ಒಳಕ್ಕೆ ತಿರುಗಿದ ಅಭಿನಯವಿದೆ. ಲಾಟನ್ ಸ್ವತಃ ಚಿತ್ರಕಲೆಯ ಒಳ್ಳೆಯ ಬಲ್ಲವನೂ ಸಂಗ್ರಾಹಕನೂ ಆಗಿದ್ದ. ಆದರೆ 1937ರ ‘ಐ, ಕ್ಲಾಡಿಯಸ್’ ಚಿತ್ರ ಅರ್ಧಕ್ಕೇ ನಿಂತಿತು. ಕುಂಟುವ, ತೊದಲುವ, ಎಲ್ಲರ ನಗೆಗೀಡಾದ ಕ್ಲಾಡಿಯಸ್ ಆಕಸ್ಮಿಕವಾಗಿ ರೋಮಿನ ಚಕ್ರವರ್ತಿಯಾಗುವ ಕಥೆ ಅದು. ಪಾತ್ರ ತನಗೆ ಸಿಗುತ್ತಿಲ್ಲವೆಂದು ಲಾಟನ್ ದಿನಗಟ್ಟಲೆ ಪರದಾಡಿದ. ಶಿಸ್ತಿನ ನಿರ್ದೇಶಕ ಜೋಸೆಫ್ ಫಾನ್ ಸ್ಟೆರ್ನ್‌ಬರ್ಗನಿಗೆ ಅದು ಸಹಿಸಲಾಗದ ಹಿಂಸೆಯಾಯಿತು. ಅಷ್ಟರಲ್ಲಿ ನಾಯಕಿ ಮರ್ಲ್ ಒಬೆರಾನ್ ಕಾರು ಅಪಘಾತಕ್ಕೊಳಗಾದಳು. ಕೋರ್ಡಾ ಚಿತ್ರೀಕರಣವನ್ನು ಕೈಬಿಟ್ಟ. ಈ ಮರ್ಲ್ ಒಬೆರಾನ್ 1911ರಲ್ಲಿ ನಮ್ಮ ಮುಂಬಯಿಯಲ್ಲಿ ಹುಟ್ಟಿ ಕಲ್ಕತ್ತೆಯಲ್ಲಿ ಬೆಳೆದವಳು. ಬಿಳಿಯರ ಚಿತ್ರೋದ್ಯಮದಲ್ಲಿ ಉಳಿಯಲು ತಾನು ಟ್ಯಾಸ್ಮೇನಿಯದವಳೆಂದು ಹೇಳಿಕೊಂಡು ಜನ್ಮವಿಡೀ ಮೂಲವನ್ನು ಮುಚ್ಚಿಟ್ಟಳು. ನಿಜ ಹೊರಬಿದ್ದದ್ದು 1979ರಲ್ಲಿ ಆಕೆ ತೀರಿಕೊಂಡ ಮೇಲೆ. ‘ಹೆನ್ರಿ’ ಚಿತ್ರದಲ್ಲಿ ಆನ್ ಬೊಲಿನ್ ಆಗಿದ್ದವಳೂ ಈಕೆಯೇ. ಬದುಕಿನಲ್ಲಿ ಏನನ್ನೋ ಅಡಗಿಸಿಟ್ಟುಕೊಂಡೇ ನಡೆಯಬೇಕಾಗಿದ್ದ ಇಬ್ಬರು ಕಲಾವಿದರು ಆ ಮುರಿದ ಚಿತ್ರದಲ್ಲಿ ಜೊತೆಯಾಗಿದ್ದರು. 1965ರಲ್ಲಿ ಬಿಬಿಸಿ ಅದರ ಉಳಿದ ತುಣುಕುಗಳನ್ನು ಪ್ರಸಾರ ಮಾಡಿದಾಗ, ಸೆನೆಟಿನ ಮುಂದೆ ಕ್ಲಾಡಿಯಸ್ ತೊದಲುತ್ತ ಆರಂಭಿಸಿ ಎತ್ತರಕ್ಕೇರುವ ದೃಶ್ಯವನ್ನು ಕಂಡವರು ಕಳೆದುಕೊಂಡದ್ದೇನೆಂದು ಅರಿತರು.

ಲಾಟನ್ ಅಡಗಿಸಿಟ್ಟದ್ದೇನು ಎಂಬುದನ್ನು ಇಲ್ಲಿ ಹೇಳಬೇಕು. ಅವನು ಸಲಿಂಗಕಾಮಿಯಾಗಿದ್ದ. ಇಂಗ್ಲೆಂಡಿನಲ್ಲಿ 1967ರವರೆಗೆ ಅದು ಶಿಕ್ಷಾರ್ಹ ಅಪರಾಧ. ಮದುವೆಯಾದ ಕೆಲಕಾಲದಲ್ಲೇ ಎಲ್ಸಾಗೆ ಇದು ತಿಳಿಯಿತು; ಆಘಾತ ಆಳವಾಗಿತ್ತು. ಆದರೂ ಅವರು ಅಗಲಲಿಲ್ಲ. ಮಕ್ಕಳಾಗಲಿಲ್ಲ, ಮೂವತ್ತಮೂರು ವರ್ಷ ಸಂಸಾರ ನಡೆಯಿತು, ಹಲವು ಚಿತ್ರಗಳಲ್ಲಿ ಜೊತೆಯಾಗಿ ಅಭಿನಯಿಸಿದರು. 1983ರ ತನ್ನ ಆತ್ಮಕಥೆಯಲ್ಲಿ ಎಲ್ಸಾ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ, ಕೆಲವೊಮ್ಮೆ ಕಹಿಯಾಗಿಯೇ ಬರೆದಿದ್ದಾಳೆ. ತನ್ನ ರೂಪದ ಬಗ್ಗೆ ಲಾಟನ್‌ಗಿದ್ದ ಜಿಗುಪ್ಸೆ, ಮತದ ಪಾಪಭಾವ, ಕಾನೂನಿನ ಭಯ ಒಂದರ ಮೇಲೊಂದು ಕೂತಿದ್ದವು. ಅವನ ಖಳರು ಬರಿಯ ಖಳರಾಗದೆ ನೋಯುವವರಾಗಿರುವುದಕ್ಕೆ ಇದೇ ಏಕೈಕ ಕಾರಣವೆಂದರೆ ಅವನ ದುಡಿಮೆಗೆ ಅನ್ಯಾಯ ಮಾಡಿದಂತೆ. ಕಾರಣವೇ ಅಲ್ಲವೆಂದರೆ ಕಣ್ಣುಮುಚ್ಚಿಕೊಂಡಂತೆ.

ಸ್ವಂತ ಸಂಸ್ಥೆ ಕಟ್ಟಿ ಇಂಗ್ಲೆಂಡಿನಲ್ಲಿ ತೆಗೆದ ಮೂರು ಚಿತ್ರಗಳನ್ನು ದಾಟಿ ನೇರವಾಗಿ 1939ರ ‘ದ ಹಂಚ್‌ಬ್ಯಾಕ್ ಆಫ್ ನೋತ್ರ ದಾಂ’ಗೆ ಬರಬಹುದು. ಗಂಟೆ ಬಾರಿಸುವ ಗೂನ ಕ್ವಾಸಿಮೋಡೋನ ಪಾತ್ರ. ಆಹಾರ್ಯಕ್ಕೆ ದಿನವೂ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಮುಖದ ಅರ್ಧಭಾಗ ಮುಚ್ಚಿಹೋಗಿ, ಅಭಿನಯಕ್ಕೆ ಉಳಿದದ್ದು ಬಹುಮಟ್ಟಿಗೆ ಒಂದೇ ಕಣ್ಣು. ಆ ಒಂದು ಕಣ್ಣಿನಲ್ಲಿ ಅವನು ತುಂಬಿದ ದೈನ್ಯ ಕಂಡವರನ್ನು ಬಿಡುವುದಿಲ್ಲ. ಚಾಟಿಯೇಟು ತಿಂದು ನೀರಿಗಾಗಿ ಬಾಯಾರಿದಾಗ, ಅವನನ್ನು ಕಂಡು ಹಿಂದೆ ಹೆದರಿ ಓಡಿದ್ದ ಹುಡುಗಿಯೇ ನೀರು ಕುಡಿಸುವ ದೃಶ್ಯ ಚಿತ್ರದ ಜೀವ. ಚಿತ್ರೀಕರಣದ ನಡುವೆಯೇ ಯುರೋಪಿನಲ್ಲಿ ಎರಡನೆಯ ಮಹಾಯುದ್ಧ ಘೋಷಣೆಯಾಯಿತು.

ನಲವತ್ತರ ದಶಕದಲ್ಲಿ ಒಳ್ಳೆಯ ಪಾತ್ರಗಳಿಗಿಂತ ಹೊಟ್ಟೆಪಾಡಿನವೇ ಹೆಚ್ಚು. ಈ ಇಳಿಜಾರಿನ ನಡುವೆ 1943ರಲ್ಲಿ ಜಾನ್ ರೆನ್ವಾರ್ ನಿರ್ದೇಶಿಸಿದ ಚಿತ್ರದ ಅಂಜುಬುರುಕ ಮೇಷ್ಟರ ಪಾತ್ರವೊಂದು ಬೇರೆಯಾಗಿ ನಿಲ್ಲುತ್ತದೆ. ಆದರೆ ಆ ದಶಕದ ನಿಜವಾದ ಸಾಧನೆ ತೆರೆಯ ಮೇಲಿನದಲ್ಲ. ನಾಜಿಗಳಿಂದ ತಪ್ಪಿಸಿಕೊಂಡು ಕ್ಯಾಲಿಫೋರ್ನಿಯಕ್ಕೆ ಬಂದಿದ್ದ ಬ್ರೆಖ್ಟ್ 1944ರ ಕೊನೆಯಿಂದ ಸುಮಾರು ಮೂರು ವರ್ಷ ಲಾಟನ್‌ನ ಜೊತೆ ಕೂತು ‘ಗೆಲಿಲಿಯೋ’ ನಾಟಕವನ್ನು ಇಂಗ್ಲಿಷಿಗೆ ತಂದ. ಬ್ರೆಖ್ಟನ ಇಂಗ್ಲಿಷ್ ಅಷ್ಟಕ್ಕಷ್ಟೇ. ಲಾಟನ್‌ಗೆ ಜರ್ಮನ್ ಬಾರದು. ಒಬ್ಬ ಮಾತನ್ನು ಅಭಿನಯಿಸಿ ತೋರಿಸುವುದು, ಮತ್ತೊಬ್ಬ ಅದನ್ನು ಇಂಗ್ಲಿಷಿನಲ್ಲಿ ಅಭಿನಯಿಸಿ ಉತ್ತರಿಸುವುದು, ಸರಿಯಾದ ಭಂಗಿಗೆ ಸರಿಯಾದ ಪದ ಸಿಗುವವರೆಗೆ ಹೀಗೆಯೇ ಮುಂದುವರಿಯುವುದು. ಭಾಷಾಂತರವನ್ನು ಪಠ್ಯದ ಕೆಲಸವೆಂದೇ ತಿಳಿದಿರುವ ನಮ್ಮ ವಿಭಾಗಗಳು ಯೋಚಿಸಬೇಕಾದ ಪ್ರಸಂಗವಿದು. 1945ರ ಆಗಸ್ಟಿನಲ್ಲಿ ಹಿರೋಶಿಮಾದ ಮೇಲೆ ಬಾಂಬು ಬಿದ್ದಾಗ ನಾಟಕದ ಅರ್ಥವೇ ಅವರ ಕೈಯಲ್ಲಿ ಬದಲಾಯಿತು. ಜಾಣ್ಮೆಯಿಂದ ಮಣಿದು ಬದುಕಿದ ವಿಜ್ಞಾನಿ ಈಗ ತನ್ನನ್ನು ತಾನೇ ದೂಷಿಸಿಕೊಳ್ಳುವವನಾದ. 1947ರ ಜುಲೈ 30ರಂದು ಲಾಸ್ ಏಂಜಲಿಸ್‌ನ ಕೊರೊನೆಟ್ ರಂಗಮಂದಿರದಲ್ಲಿ ಮೊದಲ ಪ್ರದರ್ಶನ. ನಿರ್ದೇಶಕ ಜೋಸೆಫ್ ಲೋಸಿ. ಅದೇ ಅಕ್ಟೋಬರ್ 30ರಂದು ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಸಂಸತ್ತಿನ ಸಮಿತಿಯೆದುರು ಬ್ರೆಖ್ಟ್ ಸಾಕ್ಷಿ ನುಡಿದು, ಮರುದಿನವೇ ಅಮೆರಿಕ ಬಿಟ್ಟ. ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ನಾಟಕವಾಡುವಾಗ ನಾಟಕಕಾರ ಅಲ್ಲಿರಲಿಲ್ಲ. ಲಾಟನ್ ಮೆಲ್ಲನೆ ಈ ಸಂಬಂಧದಿಂದ ಹಿಂಜರಿದ. 1950ರಲ್ಲಿ ಅಮೆರಿಕದ ಪೌರನಾದ. ಅಧಿಕಾರಕ್ಕೆ ಅಂಜಿ ಮಣಿದವನ ಪಾತ್ರವನ್ನು ಅಷ್ಟು ತೀಕ್ಷ್ಣವಾಗಿ ಕಟ್ಟಿದವನೇ ಅಂಜಿದ ಎಂದು ದೂರುವುದು ಸುಲಭ. ಅಡಗಿಸಿಡಬೇಕಾದ್ದು ಅವನಲ್ಲಿ ಬೇರೆಯವರಿಗಿಂತ ಹೆಚ್ಚಿತ್ತೆಂಬುದನ್ನು ಮರೆಯಬಾರದು.

ಯುದ್ಧದ ದಿನಗಳಲ್ಲಿ ಗಾಯಗೊಂಡ ಸೈನಿಕರಿಗೆ ಆಸ್ಪತ್ರೆಯಲ್ಲಿ ಓದಿ ಹೇಳುತ್ತಿದ್ದ ಅಭ್ಯಾಸ ಅವನ ಎರಡನೆಯ ವೃತ್ತಿಯಾಗಿ ಬೆಳೆಯಿತು. ಬೈಬಲ್, ಶೇಕ್ಸ್‌ಪಿಯರ್, ಡಿಕನ್ಸ್ ಕೃತಿಗಳ ರಾಶಿಯನ್ನು ಹೊತ್ತು ಅಮೆರಿಕದ ಊರೂರು ಸುತ್ತಿ ವಾಚನ ಮಾಡಿದ. 1951ರಲ್ಲಿ ಬರ್ನಾರ್ಡ್ ಶಾನ ‘ಡಾನ್ ಜುವಾನ್ ಇನ್ ಹೆಲ್’ ಭಾಗವನ್ನು ನಾಲ್ವರು ನಟರು ರಂಗಸಜ್ಜಿಕೆಯಿಲ್ಲದೆ, ವೇಷವಿಲ್ಲದೆ, ಎತ್ತರದ ಪೀಠಗಳ ಮೇಲೆ ಕೂತು ಬರಿಯ ಮಾತಿನಿಂದ ಪ್ರಸ್ತುತಪಡಿಸಿದರು. ಲಾಟನ್ ಅದರ ನಿರ್ದೇಶಕ, ಸೈತಾನನ ಪಾತ್ರಧಾರಿಯೂ ಹೌದು. ಕರಾವಳಿಯ ತಾಳಮದ್ದಳೆಯನ್ನು ಬಲ್ಲ ನಮಗೆ ವೇಷವಿಲ್ಲದ ಮಾತಿನ ಶಕ್ತಿ ಹೊಸದಲ್ಲ. ಅಮೆರಿಕದ ಪ್ರೇಕ್ಷಕರಿಗೆ ಅದು ಬೆರಗಾಗಿತ್ತು.

1955ರಲ್ಲಿ ಅವನು ನಿರ್ದೇಶಿಸಿದ ಒಂದೇ ಒಂದು ಚಲನಚಿತ್ರ ‘ದ ನೈಟ್ ಆಫ್ ದ ಹಂಟರ್’ ತೆರೆಕಂಡಿತು. ಡೇವಿಸ್ ಗ್ರಬ್‌ನ ಕಾದಂಬರಿಯನ್ನು ಆಧರಿಸಿದ್ದು. ಪಾದ್ರಿಯ ಸೋಗಿನ ಕೊಲೆಗಾರನೊಬ್ಬ ಬಚ್ಚಿಟ್ಟ ಹಣಕ್ಕಾಗಿ ಇಬ್ಬರು ಎಳೆಯ ಮಕ್ಕಳ ಬೆನ್ನು ಹತ್ತುತ್ತಾನೆ. ರಾತ್ರಿಯ ನದಿಯಲ್ಲಿ ಮಕ್ಕಳ ದೋಣಿ ತೇಲುವಾಗ ದಡದ ಜೇಡರಬಲೆ, ಕಪ್ಪೆ, ಮೊಲಗಳು ಮುನ್ನೆಲೆಯಲ್ಲಿ ದೊಡ್ಡದಾಗಿ ಕಾಣುತ್ತವೆ. ಅಜ್ಜಿಕಥೆಯ ಭಯವೂ ಅಭಯವೂ ಒಟ್ಟಿಗೇ ಇರುವ ಲೋಕವದು. ಕೊಲೆಗಾರನಾಗಿ ರಾಬರ್ಟ್ ಮಿಚಮ್, ಮಕ್ಕಳನ್ನು ಕಾಯುವ ಮುದುಕಿಯಾಗಿ ಮೂಕಿಚಿತ್ರಗಳ ಕಾಲದ ಲಿಲಿಯನ್ ಗಿಶ್. ಅಂದಿನ ಪ್ರೇಕ್ಷಕರೂ ಬಹುಪಾಲು ವಿಮರ್ಶಕರೂ ಅದನ್ನು ತಳ್ಳಿಹಾಕಿದರು. ಪೆಟ್ಟು ಬಲವಾಗಿಯೇ ಬಿತ್ತು. ಮುಂದೆ ಯೋಜಿಸಿದ್ದ ಚಿತ್ರ ಕೈತಪ್ಪಿತು, ಮತ್ತೆ ಅವನು ಚಿತ್ರ ನಿರ್ದೇಶಿಸಲಿಲ್ಲ. 1992ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಅದು ಸೇರಿತು. 2008ರಲ್ಲಿ ಫ್ರಾನ್ಸಿನ ‘ಕಾಯೆ ದು ಸಿನೆಮಾ’ ಪತ್ರಿಕೆ ಸಿದ್ಧಪಡಿಸಿದ ನೂರು ಚಿತ್ರಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನ ಪಡೆಯಿತು. ಇದಾವುದನ್ನೂ ಕಾಣಲು ಅವನಿರಲಿಲ್ಲ.

ಕೊನೆಯ ವರ್ಷಗಳ ಪಾತ್ರಗಳಲ್ಲಿ ಡೇವಿಡ್ ಲೀನನ ‘ಹಾಬ್ಸನ್ಸ್ ಚಾಯ್ಸ್’ನ ಕುಡುಕ ಬೂಟು ವ್ಯಾಪಾರಿ, 1957ರ ‘ವಿಟ್ನೆಸ್ ಫಾರ್ ದ ಪ್ರಾಸಿಕ್ಯೂಷನ್’ನ ಹೃದ್ರೋಗಿ ವಕೀಲ, ‘ಸ್ಪಾರ್ಟಕಸ್’ನ ಸೆನೆಟರ್ ಗ್ರಾಕಸ್ ಪ್ರಮುಖವಾದವು. ವಕೀಲನ ಬೆನ್ನುಬಿಡದ ದಾದಿಯಾಗಿ ಎಲ್ಸಾ ನಟಿಸಿದಳು. ಗಂಡಹೆಂಡಿರಿಬ್ಬರೂ ಆ ವರ್ಷ ಆಸ್ಕರ್ ನಾಮಕರಣ ಪಡೆದರು. ಆದರೆ ಲಾಟನ್ ಬಹುಕಾಲದಿಂದ ಸಿದ್ಧನಾಗುತ್ತಿದ್ದದ್ದು ಕಿಂಗ್ ಲಿಯರ್‌ಗೆ. 1959ರಲ್ಲಿ ಸ್ಟ್ರ್ಯಾಟ್‌ಫರ್ಡಿನ ನೂರನೆಯ ಋತುವಿನಲ್ಲಿ ಬಾಟಮ್ ಮತ್ತು ಲಿಯರ್ ಎರಡನ್ನೂ ಅಭಿನಯಿಸಿದ. ಬಾಟಮ್ ನಗಿಸಿದ. ಲಿಯರ್ ಬಗ್ಗೆ ಅಭಿಪ್ರಾಯಗಳು ಭಿನ್ನವಾದವು: ಬಿರುಗಾಳಿಗೆ ಎದುರಾಗುವ ದನಿ ಅವನಿಗಿಲ್ಲವೆಂದು ಕೆಲವರು, ಕೊನೆಯ ದೃಶ್ಯಗಳ ಮೃದುತ್ವವನ್ನು ಬೇರಾರೂ ಮುಟ್ಟಿಲ್ಲವೆಂದು ಕೆಲವರು. ಎರಡೂ ನಿಜವಿರಬೇಕು.

ಅಮೆರಿಕದ ದಕ್ಷಿಣದ ಹಳೆಯ ಸೆನೆಟರನಾಗಿ ನಟಿಸಿದ ‘ಅಡ್ವೈಸ್ ಅಂಡ್ ಕನ್ಸೆಂಟ್’ 1962ರಲ್ಲಿ ಬಂತು. ಅದೇ ಅವನ ಕಡೆಯ ಚಿತ್ರ. ಅದೇ ವರ್ಷದ ಡಿಸೆಂಬರ್ 15ರಂದು ಹಾಲಿವುಡ್ಡಿನ ಮನೆಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ಅವನಿಗೆ ಅರವತ್ತಮೂರು ವರ್ಷ. ಎಲ್ಸಾ 1986ರವರೆಗೆ ಬದುಕಿದ್ದಳು. ‘ನೈಟ್ ಆಫ್ ದ ಹಂಟರ್’ ಚಿತ್ರದಲ್ಲಿ ಬಳಕೆಯಾಗದೆ ಉಳಿದ ಸುರುಳಿಗಳನ್ನು ಅವಳು ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಒಪ್ಪಿಸಿದಳು. ಲಾಸ್ ಏಂಜಲಿಸ್‌ನ ವಿಶ್ವವಿದ್ಯಾನಿಲಯದ ಚಿತ್ರಾಗಾರದವರು ವರ್ಷಗಟ್ಟಲೆ ಕೂತು ಅವನ್ನು ಜೋಡಿಸಿ 2002ರಲ್ಲಿ ಪ್ರದರ್ಶಿಸಿದರು. ದೃಶ್ಯ ಮುಗಿದರೂ ಕ್ಯಾಮೆರಾ ನಿಲ್ಲಿಸದೆ ಮುಂದುವರಿಸುವುದು ಲಾಟನ್‌ನ ರೀತಿಯಾಗಿದ್ದರಿಂದ ಅವುಗಳಲ್ಲಿ ಅವನ ದನಿ ಉಳಿದುಬಂದಿದೆ. ಮುಖ ಕಾಣುವುದು ಅಪರೂಪ. ಕ್ಯಾಮೆರಾದ ಹಿಂದೆ ನಿಂತು, ಎದುರಿನ ಪಾತ್ರದ ಮಾತುಗಳನ್ನು ತಾನೇ ಆಡುತ್ತ, ತಪ್ಪಿದಲ್ಲಿ ಮತ್ತೆ ಮೊದಲಿಂದ ಹೇಳಿಕೊಡುತ್ತ, ಹುಡುಗನೂ ಹುಡುಗಿಯೂ ತಮ್ಮ ನುಡಿಯನ್ನು ಸರಿಯಾಗಿ ಹಿಡಿಯುವವರೆಗೆ ಅವನು ತಾಳ್ಮೆಯಿಂದ ಕಾಯುವುದು ಕೇಳಿಸುತ್ತದೆ.